ಒಂದೇ ಹೆಸರಿನ ಎರಡು ಸೋಬಾನೆ: ಒಂದು ಗಿಟ್ ಪ್ರಕರಣ

ಹಳೆಯ ಜನಪದ ಹಾಡುಗಳನ್ನು ಟೈಪ್ ಮಾಡಿ, ತಿದ್ದಿ, ಪುಸ್ತಕವಾಗಿಸುತ್ತಿದ್ದ ಒಂದು ಸಣ್ಣ ಗುಂಪಿನಲ್ಲಿ ನಡೆದದ್ದು ಇದು. ಗುಂಪಿನ ಹೆಸರು, ಊರು, ಜನರ ಗುರುತು ಯಾವುದನ್ನೂ ಹೇಳುವುದಿಲ್ಲ. ಹಾಡುಗಳ ಹೆಸರನ್ನೂ ಬದಲಿಸಿದ್ದೇನೆ. ಬದಲಿಸುವಾಗ ಒಂದು ಎಚ್ಚರ ಮಾತ್ರ ಇಟ್ಟುಕೊಂಡಿದ್ದೇನೆ: ಮೂಲ ಹೆಸರಿನಲ್ಲಿ ಓತ್ವ ಇದ್ದ ಕಡೆ ಇಲ್ಲೂ ಓತ್ವವೇ ಇದೆ. ಯಾಕೆ ಅಂತ ಮುಂದೆ ತಿಳಿಯುತ್ತದೆ.

ಹಿನ್ನೆಲೆ

ಗುಂಪಿನಲ್ಲಿ ಹನ್ನೊಂದು ಜನ ಇದ್ದೆವು. ಕಂಪ್ಯೂಟರ್ ಕೆಲಸ ನನ್ನದು. ಎಲ್ಲ ಹಾಡುಗಳೂ ಒಂದು ಗಿಟ್ ರೆಪೊದಲ್ಲಿ ಇದ್ದವು. ಗಿಟ್ ಎಂದರೆ ಯಾರು, ಯಾವಾಗ, ಏನು ತಿದ್ದಿದರು ಎಂದು ನೆನಪಿಡುವ ತಂತ್ರಾಂಶ. ಅದು ಹಾಗೆ ಕಾಯುವ ಫೋಲ್ಡರೇ ರೆಪೊ. ಒಂದು ಹಾಡಿನ ವರ್ಗಕ್ಕೆ ಒಂದು ಟೆಕ್ಸ್ಟ್ ಫೈಲ್, ಹೆಸರು ಕನ್ನಡದಲ್ಲೇ: ಲಾಲಿ, ಸೋಬಾನೆ, ಬೀಸುವ ಪದ, ತೇರು, ಹೀಗೆ. ಕೊನೆಯಲ್ಲಿ ಒಂದು ಸ್ಕ್ರಿಪ್ಟ್ ಈ ಫೈಲುಗಳನ್ನು ಸಾಲಾಗಿ ಜೋಡಿಸಿ ಪುಸ್ತಕದ ಪಿಡಿಎಫ್ ಮಾಡುತ್ತಿತ್ತು. ಯಾವ ಫೈಲ್ ಮೊದಲು, ಯಾವುದು ಆಮೇಲೆ ಎಂಬ ಪಟ್ಟಿಯನ್ನು ನಾನೇ ಕೈಯಾರೆ ಟೈಪ್ ಮಾಡಿ ಇಟ್ಟಿದ್ದೆ. ಈ ಪಟ್ಟಿಯ ವಿಷಯ ನೆನಪಿರಲಿ.

ತಿದ್ದುವವರಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು. ಗಿಟ್ ಎಂದರೇನು ಅಂತ ಅವರು ಕೇಳಲಿಲ್ಲ. ಪುಲ್ (ಸರ್ವರ್ ಕಡೆಯಿಂದ ಹೊಸದನ್ನು ತರುವುದು), ಆಡ್ (ತಿದ್ದಿದ್ದನ್ನು ಆರಿಸುವುದು), ಕಮಿಟ್ (ದಾಖಲಿಸುವುದು), ಪುಶ್ (ಸರ್ವರಿಗೆ ಕಳಿಸುವುದು) ಎಂಬ ನಾಲ್ಕು ಸಾಲನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಮಾನಿಟರಿನ ಪಕ್ಕ ಅಂಟಿಸಿದರು. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಶಿಸ್ತಿನ ಬಳಕೆದಾರರು ಅವರೇ. ಇದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಅವರ ಮಾತನ್ನು ನಂಬಲಿಲ್ಲ ಎಂಬುದೇ ಈ ಪ್ರಕರಣದ ಅರ್ಧ ಭಾಗ.

ಇನ್ನೊಬ್ಬಳು ಕಾಲೇಜು ಹುಡುಗಿ. ಅವಳ ಹತ್ತಿರ ಮ್ಯಾಕ್ ಇತ್ತು. ಶುರುವಿನಲ್ಲಿ ಅವಳಿಗೆ ಗಿಟ್ ಕಲಿಯಲು ಸಮಯವಿರಲಿಲ್ಲ. ಫೋಲ್ಡರನ್ನು ಜಿಪ್ ಮಾಡಿ ಕಳಿಸಿದೆ, ಅವಳು ತಿದ್ದಿ ಜಿಪ್ ಮಾಡಿಯೇ ವಾಪಸ್ ಕಳಿಸಿದಳು. ನಾನು ಅದನ್ನು ನನ್ನ ಲಿನಕ್ಸ್ ಯಂತ್ರದಲ್ಲಿ ಹಳೆಯ ಫೋಲ್ಡರಿನ ಮೇಲೆಯೇ ಬಿಚ್ಚಿ, ಒಂದೇ ಏಟಿಗೆ ಆಡ್, ಕಮಿಟ್, ಪುಶ್ ಮಾಡಿದೆ. ಪರದೆಯ ಮೇಲೆ ಏನೋ ಉದ್ದುದ್ದ ಸಾಲುಗಳು ಓಡಿದವು. ಓದಲಿಲ್ಲ.

ಮೂರು ದೂರು, ಮೂರು ಉತ್ತರ

ಮೊದಲ ದೂರು, ಬದಲಾದ ಫೈಲುಗಳನ್ನು ತೋರಿಸುವ ಸ್ಟೇಟಸ್ ಆಜ್ಞೆಯ ಬಗ್ಗೆ, ಇನ್ನೊಬ್ಬ ತಿದ್ದುಗಾರರಿಂದ ಬಂತು. "ಸ್ಟೇಟಸ್ ಕೊಟ್ಟರೆ ಫೈಲ್ ಹೆಸರಿನ ಜಾಗದಲ್ಲಿ ಲಾಟರಿ ನಂಬರ್ ಬರ್ತಿದೆ." ಇದು ಗೊತ್ತಿದ್ದ ವಿಷಯ. ಗಿಟ್ ತಾನಾಗಿ ಇಂಗ್ಲಿಷೇತರ ಅಕ್ಷರಗಳನ್ನು ಹಾಗೇ ತೋರಿಸುವುದಿಲ್ಲ. ಒಂದೊಂದು ಬೈಟನ್ನೂ (ಕಂಪ್ಯೂಟರ್ ಅಕ್ಷರವನ್ನು ಇಡುವ ತುಣುಕು) ಎಂಟರ ಲೆಕ್ಕದ ಅಂಕಿಯಾಗಿ ತೋರಿಸುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದು ಕನ್ನಡ ಚಿಹ್ನೆಗೆ ಮೂರು ಬೈಟ್ ಬೇಕು. ಹಾಗಾಗಿ 'ಕ' ಎಂಬ ಒಂದೇ ಅಕ್ಷರ \340\262\225 ಆಗಿಬಿಡುತ್ತದೆ. 'ಕನ್ನಡ' ಎಂದು ಬರೆದರೆ ಅರವತ್ತು ಚಿಹ್ನೆಗಳ ಸಾಲು. ಯಾರಿಗೆ ಬೇಕು ಇದು ಅಲ್ವಾ? ಕೋರ್ ಡಾಟ್ ಕೋಟ್‌ಪಾತ್ ಎಂಬ ಸೆಟ್ಟಿಂಗನ್ನು 'ಫಾಲ್ಸ್' ಮಾಡಿದರೆ ಹೆಸರು ಕನ್ನಡದಲ್ಲೇ ಕಾಣುತ್ತದೆ. ಗಿಟ್ ಇದ್ದವರೆಲ್ಲರ ಯಂತ್ರದಲ್ಲಿ ಅದನ್ನು ಮಾಡಿಸಿದೆ. ಎಲ್ಲರೂ ಖುಷಿ. ನಾನೂ ಬೀಗಿದೆ.

ಎರಡನೆಯ ದೂರು ಮೇಷ್ಟ್ರದ್ದು, ಫೋನಿನಲ್ಲಿ. "ನಾನು ತಿದ್ದಿದ್ದು ನಿಲ್ತಾ ಇಲ್ಲ ಕಣಪ್ಪಾ. ಸೋಬಾನೆಯಲ್ಲಿ 'ಆರುತಿ' ಮೂರು ಸಲ ಸರಿ ಮಾಡಿದೀನಿ. ಪುಸ್ತಕದಲ್ಲಿ ನೋಡಿದರೆ ಹಳೇ ತಪ್ಪೇ ಕೂತಿದೆ." ಪುಶ್ ಮಾಡಲು ಮರೆತಿರಬೇಕು ಎಂದೆ. ಇಲ್ಲ ಅಂದರು. ಇಂಟರ್‌ನೆಟ್ ಹೋಗಿರಬೇಕು ಎಂದೆ. ಅವರು ಸುಮ್ಮನಾದರು. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು: "ಅಂದ ಹಾಗೆ, ಫೋಲ್ಡರಿನಲ್ಲಿ ಸೋಬಾನೆ ಎರಡಿದೆಯಲ್ಲ, ಯಾವುದನ್ನು ತೆಗೀಬೇಕು?"

ಉತ್ತರ ಇಡೀ ಅಲ್ಲೇ ಇತ್ತು. ನಾನು ಹೇಳಿದ್ದು: "ಎಡಿಟರ್ ಮಾಡಿಟ್ಟ ಬ್ಯಾಕಪ್ ಇರುತ್ತೆ ಸಾರ್, ತಲೆ ಕೆಡಿಸ್ಕೋಬೇಡಿ, ಮೇಲಿನದ್ದು ತೆಗೀರಿ." ಒಂದು ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲ್ ಇರಲು ಸಾಧ್ಯವೇ ಇಲ್ಲ ಅನ್ನುವುದು ನಮಗೆ ಮೊದಲ ಪಾಠದಲ್ಲೇ ಬರುತ್ತದೆ. ಹಾಗಾಗಿ ಅವರು ಕಂಡದ್ದನ್ನು ಹೇಳುತ್ತಿದ್ದಾರೆ ಎಂದುಕೊಳ್ಳಲಿಲ್ಲ. ಕಂಡದ್ದು ಅರ್ಥವಾಗದೆ ಏನೋ ಹೇಳುತ್ತಿದ್ದಾರೆ ಎಂದುಕೊಂಡೆ.

ಅವರು ಒಂದು ಸ್ಕ್ರೀನ್‌ಶಾಟ್ ಕೂಡ ಕಳಿಸಿದ್ದರು. ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ) ಒಂದು 'ಸೋ' ಸ್ವಲ್ಪ ಚೆದುರಿದಂತೆ ಕಾಣುತ್ತಿತ್ತು. ಟರ್ಮಿನಲ್‌ನಲ್ಲಿ ಕನ್ನಡ ನೆಟ್ಟಗೆ ಕಾಣುವುದು ಯಾವಾಗ? ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ ಎಂದು ಲೆಕ್ಕ ಹಾಕುವ ಪರದೆಗೆ ನಮ್ಮ ಒತ್ತಕ್ಷರ, ಗುಣಿತ ಒಗ್ಗುವುದೇ ಇಲ್ಲ. ಫಾಂಟ್ ಸಮಸ್ಯೆ ಅಂತ ಬಿಟ್ಟೆ. ಕೆಟ್ಟದ್ದಕ್ಕೆ ಒಗ್ಗಿಹೋದ ಕಣ್ಣಿಗೆ ನಿಜವಾದ ಸುಳಿವೂ ಕೆಟ್ಟ ಫಾಂಟಿನ ಹಾಗೆಯೇ ಕಾಣುತ್ತದೆ.

ಮೂರನೆಯದು ಮ್ಯಾಕ್ ಹುಡುಗಿಯದು. ಪರೀಕ್ಷೆ ಮುಗಿದ ಮೇಲೆ ಅವಳು ಗಿಟ್ ಹಾಕಿಕೊಂಡು, ರೆಪೊವನ್ನು ಇಡಿಯಾಗಿ ತನ್ನ ಯಂತ್ರಕ್ಕೆ ಇಳಿಸಿಕೊಂಡಿದ್ದಳು (ಇದಕ್ಕೆ ಕ್ಲೋನ್ ಎನ್ನುತ್ತಾರೆ). "ಅಣ್ಣಾ, ಈಗಷ್ಟೇ ಕ್ಲೋನ್ ಮಾಡಿದೆ. ಒಂದು ಫೈಲೂ ಮುಟ್ಟಿಲ್ಲ. ಆದರೂ ಬದಲಾಗಿದೆ ಅಂತ ತೋರಿಸ್ತಿದೆ. ಕ್ಲೋನ್ ಆಗುವಾಗ ಏನೋ ಡಿಕ್ಕಿ ಹೊಡೀತು ಅಂತ ಎಚ್ಚರಿಕೆನೂ ಬಂತು." ಫೋಲ್ಡರ್ ಅಳಿಸಿ ಮತ್ತೆ ಕ್ಲೋನ್ ಮಾಡು ಎಂದೆ. ಮತ್ತೆ ಅದೇ ಆಯಿತು. ಮತ್ತೆ ಅಳಿಸು ಎಂದೆ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಸಮಸ್ಯೆ ಬಗೆಹರಿಯಿತು ಎಂದು ನಾನು ಲೆಕ್ಕ ಹಾಕಿದೆ!

ಮಾಡಿ ನೋಡಿದ್ದು

ಎರಡು ವಾರ ತಪ್ಪು ದಾರಿಯಲ್ಲೇ ಹೋಯಿತು. ಕೆಲವರದ್ದು ವಿಂಡೋಸ್. ಸಾಲಿನ ಕೊನೆಯ ಗುರುತು ವಿಂಡೋಸಿನಲ್ಲಿ ಒಂದು ಥರ, ಲಿನಕ್ಸಿನಲ್ಲಿ ಇನ್ನೊಂದು ಥರ. ಅದರಿಂದಲೇ ಮರ್ಜ್ (ಎಲ್ಲರ ತಿದ್ದುಪಡಿಗಳನ್ನು ಕೂಡಿಸುವುದು) ಕೆಡುತ್ತಿದೆ ಎಂದು ತೀರ್ಮಾನಿಸಿ, ರೆಪೊದ ಎಲ್ಲ ಫೈಲುಗಳ ಸಾಲಿನ ಕೊನೆಯನ್ನು ಒಂದೇ ಕಮಿಟ್‌ನಲ್ಲಿ ಸರಿಪಡಿಸಿದೆ. ಮೇಷ್ಟ್ರ ದೂರು ಅಲ್ಲೇ ಉಳಿಯಿತು. ಜೊತೆಗೆ ಹೊಸದೊಂದು ತೊಂದರೆ ಸೇರಿತು. ಯಾವ ಸಾಲನ್ನು ಯಾರು ತಿದ್ದಿದರು ಎಂದು ಬ್ಲೇಮ್ ಆಜ್ಞೆಯಿಂದ ನೋಡಲು ಹೋದರೆ ಎಷ್ಟೋ ಫೈಲುಗಳಲ್ಲಿ ಸಾಲುಸಾಲಿಗೂ ನನ್ನ ಹೆಸರೇ. ರೋಗ ಗೊತ್ತಿಲ್ಲದೆ ಔಷಧಿ ಕೊಟ್ಟರೆ ಹೀಗೇ.

ಆಮೇಲೆ ಒಂದು ಸಂಜೆ ಮೇಷ್ಟ್ರ ಹೆಸರಿನ ಕಮಿಟ್‌ಗಳನ್ನಷ್ಟೇ ತೆಗೆದು ನೋಡಿದೆ. 'ಆರುತಿ' ತಿದ್ದಿದ ಮೂರೂ ಕಮಿಟ್ ಇದ್ದವು. ಮೂರೂ ಸರ್ವರ್ ತಲುಪಿದ್ದವು. ಮೂರೂ ಸೋಬಾನೆ ಫೈಲಿನದ್ದೇ. ಸರಿ, ಹಾಗಾದರೆ ಸೋಬಾನೆ ಫೈಲಿನ ಇತಿಹಾಸವನ್ನೇ ಕೇಳೋಣ ಎಂದು ಹೆಸರು ಟೈಪ್ ಮಾಡಿ ಲಾಗ್ ಕೊಟ್ಟೆ. ಮೇಷ್ಟ್ರ ಒಂದು ಕಮಿಟ್ಟೂ ಇಲ್ಲ.

ಕಮಿಟ್ ಕಡೆಯಿಂದ ನೋಡಿದರೆ ಫೈಲ್ ಇದೆ. ಫೈಲ್ ಕಡೆಯಿಂದ ನೋಡಿದರೆ ಕಮಿಟ್ ಇಲ್ಲ. ಮೇಷ್ಟ್ರನ್ನು ಅನುಮಾನಿಸುವುದನ್ನು ಅಂದು ಬಿಟ್ಟೆ. ಗಿಟ್ಟನ್ನೇ ಅನುಮಾನಿಸಲು ಶುರು ಮಾಡಿದೆ. ಅದೂ ತಪ್ಪೇ. ಆದರೆ ಲಾಭದ ತಪ್ಪು.

ತಿರುವು

ಗಿಟ್‌ನಲ್ಲಿ 'ಬಗ್‌ರಿಪೋರ್ಟ್' ಎಂಬ ಆಜ್ಞೆ ಇದೆ. ಕೊಟ್ಟರೆ ಒಂದು ಖಾಲಿ ಅರ್ಜಿ ಬರುತ್ತದೆ. ಅದರಲ್ಲಿ ಕೇಳುವುದು ಸರಳ ಪ್ರಶ್ನೆಗಳು: ತೊಂದರೆ ಬರುವ ಮೊದಲು ಏನು ಮಾಡಿದಿರಿ? ಏನಾಗಬೇಕಿತ್ತು? ಅದರ ಬದಲು ಏನಾಯಿತು? ಎರಡಕ್ಕೂ ಏನು ವ್ಯತ್ಯಾಸ? ಗಿಟ್ ಕಮಿಟ್ ಕಳೆಯುತ್ತಿದೆ ಎಂದು ಜಂಬದಿಂದ ಅದನ್ನು ತುಂಬಲು ಕೂತೆ. ಮೊದಲ ಪ್ರಶ್ನೆಗೇ ಸಿಕ್ಕಿಬಿದ್ದೆ. ಮೇಷ್ಟ್ರು ಫೈಲನ್ನು ಹೇಗೆ ತೆರೆಯುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ದಿನ ಅವರಿಗೆ ಉತ್ತರ ಕೊಟ್ಟಿದ್ದೆನೇ ಹೊರತು ಪ್ರಶ್ನೆ ಕೇಳಿರಲಿಲ್ಲ.

ಫೋನ್ ಮಾಡಿ ಅವೇ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿದೆ. "ನೀನೇ ಹೇಳಿದ್ದೆಯಲ್ಲಪ್ಪ, ಮೇಲಿನದ್ದು ತೆಗೀರಿ ಅಂತ. ಮೇಲಿನದ್ದನ್ನೇ ತೆಗೀತೀನಿ" ಎಂದರು. ಆಮೇಲೆ ನೋಟ್‌ಬುಕ್ ತಂದು ಓದಿದರು. ಯಾವ ಫೈಲಿನ ತಿದ್ದುಪಡಿ ನಿಲ್ಲುತ್ತದೆ, ಯಾವುದರದ್ದು ನಿಲ್ಲುವುದಿಲ್ಲ ಎಂದು ಎರಡು ಪಟ್ಟಿ ಬರೆದಿಟ್ಟಿದ್ದರು. ನಿಲ್ಲುವ ಕಡೆ ಲಾಲಿ, ಒಗಟು, ಸುಗ್ಗಿ, ಕೂಸಿನ ಹಾಡು, ಕೌದಿ. ನಿಲ್ಲದ ಕಡೆ ಸೋಬಾನೆ, ಬೀಸುವ ಪದ, ತೇರು, ಮೈಲಾರ, ಹೊಲದ ಹಾಡು.

"ದೀರ್ಘ ಇರೋದೆಲ್ಲ ಕೈ ಕೊಡ್ತಿದೆ ಅನ್ಸುತ್ತೆ. ಆದರೆ ಕೂಸಿನಲ್ಲಿ ದೀರ್ಘ ಇದೆ, ಅದು ಸರಿಯಾಗಿದೆ. ಹೊಲದಲ್ಲಿ ದೀರ್ಘ ಇಲ್ಲ, ಅದು ಕೈ ಕೊಡ್ತಿದೆ. ನನಗೆ ಲೆಕ್ಕ ಸಿಗ್ತಾ ಇಲ್ಲ" ಎಂದರು. ನನಗೂ ಸಿಗಲಿಲ್ಲ. ಆದರೆ ಕಾಗುಣಿತ ನೋಡಿಕೊಂಡು ಕೆಡುವ ದೋಷ ಮರ್ಜ್‌ನಿಂದಲೂ ಬರುವುದಿಲ್ಲ, ಇಂಟರ್‌ನೆಟ್‌ನಿಂದಲೂ ಬರುವುದಿಲ್ಲ ಎಂಬಷ್ಟು ಹೊಳೆಯಿತು.

ಅರ್ಜಿಗೆ ಇನ್ನೊಂದು ಬೇಕಿತ್ತು: ನನ್ನ ಸ್ವಂತ ಸೆಟ್ಟಿಂಗ್ ಯಾವುದೂ ಇಲ್ಲದ ಕಡೆಯೂ ತೊಂದರೆ ಬರುತ್ತದೆಯೇ? ಅದಕ್ಕಾಗಿ ಹೊಸದಾಗಿ ಒಂದು ವರ್ಚುವಲ್ ಯಂತ್ರ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್) ಮಾಡಿ, ಬರಿ ಗಿಟ್ ಹಾಕಿ, ಕ್ಲೋನ್ ಮಾಡಿ, ಫೈಲುಗಳ ಪಟ್ಟಿ ಕೇಳಿದೆ. ಅಲ್ಲಿ ಕೋಟ್‌ಪಾತ್ ಸೆಟ್ಟಿಂಗ್ ಬದಲಿಸಿರಲಿಲ್ಲ. ಲಾಟರಿ ನಂಬರುಗಳು ವಾಪಸ್ ಬಂದವು. ಅದರಲ್ಲಿ ಎರಡು ಸಾಲು ಒಂದರ ಕೆಳಗೊಂದು ಹೀಗೆ ಶುರುವಾಗುತ್ತಿದ್ದವು:

\340\262\270\340\263\206\340\263\202\340\263\225

\340\262\270\340\263\213

ಮುಂದಿನ ಭಾಗ ಎರಡರಲ್ಲೂ ಒಂದೇ. ಮೊದಲ ಮೂರು ಬೈಟ್ 'ಸ', ಅದೂ ಎರಡರಲ್ಲೂ ಒಂದೇ. ಕೆಳಗಿನ ಸಾಲಿನಲ್ಲಿ ಅದಾದ ಮೇಲೆ ಒಂದೇ ಚಿಹ್ನೆ: ಓತ್ವದ ದೀರ್ಘ. ಮೇಲಿನದರಲ್ಲಿ ಮೂರು: ಏತ್ವ, ಕೊಂಬಿನ ಇಳಿ, ಬರಿ ದೀರ್ಘ. ಕಣ್ಣಿಗೆ ಎರಡೂ 'ಸೋ'. ಬೈಟ್ ಎಣಿಸಿದರೆ ಒಂದು ಸೋಬಾನೆಗೆ ಹದಿನೆಂಟು, ಇನ್ನೊಂದಕ್ಕೆ ಇಪ್ಪತ್ತನಾಲ್ಕು.

ಎಲ್ಲರ ಯಂತ್ರದಲ್ಲೂ ನಾನೇ ಮುಚ್ಚಿಸಿದ್ದ ಆ ಅಸಹ್ಯ ಅಂಕಿಗಳು ಮಾತ್ರ ನಿಜ ಹೇಳುತ್ತಿದ್ದವು.

ಏನಾಗಿತ್ತು

ಯುನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಕನ್ನಡದ ಐದು ಸ್ವರಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು: ಕೀ, ಕೇ, ಕೈ, ಕೊ, ಕೋ ಇವುಗಳಲ್ಲಿರುವ ಚಿಹ್ನೆಗಳು. ಒಂದು ಕೂಡಿಸಿದ ರೂಪ, ಇನ್ನೊಂದು ಬಿಡಿಸಿದ ರೂಪ. ಎರಡೂ ಸಮ ಎಂದು ಯುನಿಕೋಡ್ ಹೇಳುತ್ತದೆ. ಕಾ, ಕೂ, ಕೌಗಳಿಗೆ ಬಿಡಿಸಿದ ರೂಪವೇ ಇಲ್ಲ. ಮೇಷ್ಟ್ರ ಪಟ್ಟಿಯ ಲೆಕ್ಕ ಇದು. ಕೂಸು ಉಳಿದದ್ದು, ಹೊಲ ಕೈಕೊಟ್ಟದ್ದು ಇದಕ್ಕೇ. ತೆಲುಗಿನಲ್ಲಿ ಐತ್ವಕ್ಕೆ ಮಾತ್ರ ಹೀಗಾಗುತ್ತದೆ. ಹಿಂದಿಯ ಸ್ವರಚಿಹ್ನೆಗಳಿಗೆ ಈ ಗೋಜೇ ಇಲ್ಲ. ಹಿಂದಿ ಹೆಸರು ಹಾಕಿ ಪರೀಕ್ಷೆ ಮಾಡಿದ ಸ್ನೇಹಿತರೊಬ್ಬರು "ನನ್ನಲ್ಲಿ ಎಲ್ಲ ಸರಿಯಿದೆ" ಎಂದದ್ದು ಅದಕ್ಕೇ ಇರಬೇಕು.

ಕೀಬೋರ್ಡಿನಲ್ಲಿ ನಾವು ಟೈಪ್ ಮಾಡಿದಾಗ ಬಂದದ್ದು ಕೂಡಿಸಿದ ರೂಪ. ಮ್ಯಾಕ್‌ಗೆ ಮಾತ್ರ ಫೈಲ್ ಹೆಸರನ್ನು ಬಿಡಿಸಿ ಇಡುವ ಹಳೆಯ ಅಭ್ಯಾಸ. ಫೈಲ್ ಒಳಗಿನ ಪಠ್ಯಕ್ಕೆ ಕೈ ಹಾಕುವುದಿಲ್ಲ, ಹೆಸರಿಗೆ ಮಾತ್ರ. ಮ್ಯಾಕ್‌ನಲ್ಲೇ ಗಿಟ್ ಬಳಸಿದ್ದರೆ ತೊಂದರೆ ಇರುತ್ತಿರಲಿಲ್ಲ. 2012ರಲ್ಲಿ ಬಂದ 1.7.12 ಆವೃತ್ತಿಯಿಂದ ಗಿಟ್ ಮ್ಯಾಕ್‌ನಲ್ಲಿ ಹೆಸರುಗಳನ್ನು ಮತ್ತೆ ಕೂಡಿಸಿಕೊಳ್ಳಬಲ್ಲದು. ಆದರೆ ನಮ್ಮದು ಬಂದದ್ದು ಜಿಪ್‌ನಲ್ಲಿ. ಬಿಚ್ಚಿದ್ದು ಲಿನಕ್ಸಿನಲ್ಲಿ. ಲಿನಕ್ಸಿಗೆ ಫೈಲ್ ಹೆಸರೆಂದರೆ ಬೈಟ್‌ಗಳ ಸಾಲು, ಅಷ್ಟೇ. ಲಿನಕ್ಸ್ ಕರ್ನಲ್ ಕೆಲಸಕ್ಕೆಂದೇ 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆದ ಗಿಟ್ಟಿಗೂ ಅದೇ ನೋಟ. ಬೈಟ್ ಬೇರೆ ಎಂದರೆ ಫೈಲ್ ಬೇರೆ.

ಹಾಗಾಗಿ ಜಿಪ್ ಬಿಚ್ಚಿದಾಗ 'ಲಾಲಿ' ಹಳೆಯ ಲಾಲಿಯ ಮೇಲೆ ಕೂತಿತು. 'ಸೋಬಾನೆ' ಮಾತ್ರ ಹಳೆಯದರ ಪಕ್ಕ ಇನ್ನೊಂದಾಗಿ ಹುಟ್ಟಿತು. ಇಂಥ ಇಪ್ಪತ್ತಮೂರು ಜೋಡಿ ಇದ್ದವು. ಮೇಷ್ಟ್ರು ತಿದ್ದುತ್ತಿದ್ದದ್ದು ಮೇಲಿನದನ್ನು, ಅಂದರೆ ಬಿಡಿಸಿದ ಹೆಸರಿನದನ್ನು. ನನ್ನ ಪಟ್ಟಿ ಟೈಪ್ ಮಾಡಿದ್ದು, ಅಂದರೆ ಕೂಡಿಸಿದ ಹೆಸರು. ಸ್ಕ್ರಿಪ್ಟ್ ತೆಗೆದುಕೊಳ್ಳುತ್ತಿದ್ದದ್ದು ಯಾವಾಗಲೂ ಹಳೆಯ ಫೈಲನ್ನೇ. ಆ ಹುಡುಗಿಯ ಮ್ಯಾಕ್‌ಗೆ ಎರಡೂ ಹೆಸರು ಒಂದೇ. ಅವಳು ಕ್ಲೋನ್ ಮಾಡಿದಾಗಲೆಲ್ಲ ಎರಡು ಫೈಲ್ ಒಂದೇ ಜಾಗಕ್ಕೆ ಬಂದು ಡಿಕ್ಕಿ ಹೊಡೆಯುತ್ತಿದ್ದವು. ಗಿಟ್ ಅವಳಿಗೆ ಅದನ್ನು ಅಕ್ಷರಶಃ ಹೇಳಿತ್ತು. ಅವಳು ನನಗೆ ಹೇಳಿದ್ದಳು.

ಬಗ್‌ರಿಪೋರ್ಟ್ ಕಳಿಸಲಿಲ್ಲ. ಕಳಿಸಲು ಬಗ್ಗೇ ಇರಲಿಲ್ಲ.

ಸರಿಪಡಿಸಿದ್ದು

ಕಾರಣ ತಿಳಿದ ಖುಷಿಯಲ್ಲಿ ಇನ್ನೊಂದು ಎಡವಟ್ಟು ಮಾಡಿದೆ. ಬಿಡಿಸಿದ ಹೆಸರಿನ ಸೋಬಾನೆಯನ್ನು ತೆಗೆದುಹಾಕೋಣ ಎಂದು ಹೆಸರು ಟೈಪ್ ಮಾಡಿ ಅಳಿಸಿದೆ. ಟೈಪ್ ಮಾಡಿದರೆ ಬರುವುದು ಕೂಡಿಸಿದ ಹೆಸರಲ್ಲವೇ? ಅಳಿಸಿದ್ದು ಇನ್ನೊಂದು ಫೈಲ್! ಕಮಿಟ್ ಮಾಡಿರಲಿಲ್ಲ, ರಿಸ್ಟೋರ್ ಕೊಟ್ಟು ವಾಪಸ್ ತಂದೆ. ಅಲ್ಲಿಂದ ಮುಂದೆ ಹೆಸರನ್ನು ಕೈಯಲ್ಲಿ ಟೈಪ್ ಮಾಡುವುದೇ ಬೇಡ ಎಂದು ನಿರ್ಧರಿಸಿದೆ. ಗಿಟ್‌ನಿಂದ ಹೆಸರುಗಳನ್ನು ಕಚ್ಚಾ ಬೈಟ್ ರೂಪದಲ್ಲೇ ಪಡೆದು, ಪೈಥಾನ್‌ನ ಯುನಿಕೋಡ್‌ಡೇಟಾ ಎಂಬ ಮಾಡ್ಯೂಲ್ ಬಳಸಿ ಜೋಡಿಗಳನ್ನು ಹುಡುಕುವ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದೆ.

ಯಾವ ಫೈಲ್ ಉಳಿಸಬೇಕು ಎಂಬುದನ್ನು ಸ್ಕ್ರಿಪ್ಟಿಗೆ ಬಿಡಲಿಲ್ಲ. ಒಂದರಲ್ಲಿ ಮೇಷ್ಟ್ರ ತಿದ್ದುಪಡಿ, ಇನ್ನೊಂದರಲ್ಲಿ ಬೇರೆಯವರದ್ದು. ಹೊಸದು ಉಳಿಯಲಿ, ಹಳೆಯದು ಹೋಗಲಿ ಎಂದಿದ್ದರೆ ಯಾರದ್ದಾದರೂ ಶ್ರಮ ಹೋಗುತ್ತಿತ್ತು. ಇಪ್ಪತ್ತಮೂರು ಜೋಡಿಯನ್ನೂ ಪದಪದವಾಗಿ ಹೋಲಿಸಿ ಕಾಗದದ ಮೇಲೆ ಮುದ್ರಿಸಿ ಮೇಷ್ಟ್ರ ಮನೆಗೆ ಹೋದೆ. ಎರಡು ಭಾನುವಾರ ಹಿಡಿಯಿತು. ಈ ಇಡೀ ಕೆಲಸದಲ್ಲಿ ಸರಿಯಾಗಿ ಮಾಡಿದ್ದು ಇದೊಂದೇ ಅನ್ನಿಸುತ್ತದೆ.

ಅಲ್ಲೇ ಅವರಿಗೆ ಮೂರು ಚೂರಾದ 'ಸೋ' ತೋರಿಸಿದೆ. ಆಶ್ಚರ್ಯ ಪಡುತ್ತಾರೆ ಎಂದುಕೊಂಡಿದ್ದೆ. ಸ್ಲೇಟಿನಲ್ಲಿ ಬರೆಯುವ ಹಾಗೆ ಗಾಳಿಯಲ್ಲಿ ಬೆರಳಾಡಿಸಿದರು. "ಮೊದಲು 'ಸೆ', ಆಮೇಲೆ ಕೊಂಬಿನ ಇಳಿ, ಕೊನೆಗೆ ದೀರ್ಘ. ಕೈಯಲ್ಲಿ ಬರೆಯೋದೂ ಹೀಗೇ ಅಲ್ವಾ? ಮಕ್ಕಳಿಗೆ ಇಷ್ಟು ವರ್ಷ ಇದನ್ನೇ ಹೇಳಿಕೊಟ್ಟಿದ್ದು" ಎಂದರು.

ಮುಂದೆ ಹೀಗಾಗದಂತೆ ಏನು ಮಾಡುವುದು ಎಂಬುದರ ಮೇಲೆ ಗುಂಪಿನಲ್ಲಿ ಜಗಳವೇ ಆಯಿತು. ಫೈಲ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಿಸೋಣ ಎಂದೆ. ಎಲ್ಲ ತಂತ್ರಾಂಶಕ್ಕೂ ಅದು ಒಗ್ಗುತ್ತದೆ. ಈಗಲೂ ಆ ವಾದ ಪೂರ್ತಿ ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ಮೇಷ್ಟ್ರು ಒಪ್ಪಲಿಲ್ಲ. "ಕನ್ನಡ ಹಾಡಿನ ಫೈಲಿಗೆ ಕನ್ನಡ ಹೆಸರು ಇರಬಾರದು ಅಂದ್ರೆ ನಾವು ಯಾಕಪ್ಪ ಇದನ್ನ ಮಾಡ್ತಿರೋದು?" ಮ್ಯಾಕ್ ಹುಡುಗಿ ಅವರ ಪಕ್ಷ ಸೇರಿದಳು. ಹೆಸರು ಕನ್ನಡದಲ್ಲೇ ಉಳಿಯಿತು.

ಬದಲಿಗೆ ಒಂದು ತಡೆ ಹಾಕಿದೆವು. ಕಮಿಟ್ ಆಗುವ ಮೊದಲು ಓಡುವ ಹುಕ್ ಒಂದು ಫೈಲ್ ಹೆಸರುಗಳನ್ನು ನೋಡುತ್ತದೆ. ಬಿಡಿಸಿದ ರೂಪ ಇದ್ದರೆ ಕಮಿಟ್ ನಿಲ್ಲಿಸುತ್ತದೆ. ಹುಕ್‌ಗಳು ಕ್ಲೋನ್ ಜೊತೆ ತಾವಾಗಿ ಬರುವುದಿಲ್ಲ, ಯಾರಾದರೂ ಹಾಕಿಕೊಳ್ಳಲು ಮರೆತೇ ಮರೆಯುತ್ತಾರೆ. ಅದಕ್ಕೆ ಅದೇ ಪರೀಕ್ಷೆಯನ್ನು ಪುಸ್ತಕ ಮಾಡುವ ಸ್ಕ್ರಿಪ್ಟಿನಲ್ಲೂ ಸೇರಿಸಿದೆ. ಆ ಸ್ಕ್ರಿಪ್ಟ್ ಓಡುವ ಯಂತ್ರದಲ್ಲಿ ಕೋಟ್‌ಪಾತ್ ಸೆಟ್ಟಿಂಗನ್ನು ಮುಟ್ಟಿಲ್ಲ. ಅಲ್ಲಿ ಇಂದಿಗೂ ಲಾಟರಿ ನಂಬರೇ. ತಿದ್ದುವವರ ಯಂತ್ರಗಳಲ್ಲಿ ಕನ್ನಡವೇ ಇದೆ. ಅವರಿಗೆ ಬೇಕಾದ್ದು ಅದು.

ದೂರು ಬರೆದಿಡುವ ರೀತಿಯನ್ನೂ ಬದಲಿಸಿದೆ. ಹಿಂದೆ "ಪುಶ್ ಸಮಸ್ಯೆ", "ಫಾಂಟ್ ಸಮಸ್ಯೆ" ಎಂದು ನನ್ನ ತೀರ್ಮಾನವನ್ನೇ ಬರೆದುಕೊಳ್ಳುತ್ತಿದ್ದೆ. ಈಗ ಅವರ ಬಾಯಿಂದ ಬಂದ ಮಾತನ್ನು ಹಾಗೇ ಬರೆಯುತ್ತೇನೆ. "ಸೋಬಾನೆ ಎರಡಿದೆ", "ಡಿಕ್ಕಿ ಹೊಡೀತು", "ಮುಟ್ಟಿಲ್ಲ ಆದರೂ ಬದಲಾಗಿದೆ" ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದಿದ್ದರೆ ಎರಡು ವಾರ ಬೇಕಾಗುತ್ತಿರಲಿಲ್ಲ.

ಹುಕ್ ತಡೆದಾಗ ಪರದೆಯ ಮೇಲೆ ಏನು ಬರಬೇಕು ಎಂದು ಕೊನೆಯಲ್ಲಿ ಚರ್ಚೆ ಬಂತು. ನಾನು ಬರೆದದ್ದರಲ್ಲಿ ಯುನಿಕೋಡ್, ನಾರ್ಮಲೈಸೇಶನ್ ಅಂತೆಲ್ಲ ಇತ್ತು. ಮೇಷ್ಟ್ರು ಅದನ್ನು ಓದಿ, ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು, ಕೆಳಗೆ ತಾವೇ ಬರೆದುಕೊಟ್ಟರು. ಈಗ ಬರುವುದು ಅದೇ: "ಈ ಹೆಸರಿನಲ್ಲಿ ಗುಣಿತ ಒಡೆದಿದೆ. ಹೆಸರನ್ನು ಮತ್ತೊಮ್ಮೆ ಟೈಪ್ ಮಾಡಿ. ತಪ್ಪು ನಿಮ್ಮದಲ್ಲ."